ಕರಿ ಹೊಗೆ ಅಂದ್ರ ತಾಕತ್ತಲ್ಲ

ಟ್ರ್ಯಾಕ್ಟರ್ ಕರಿ ಹೊಗೆ ಉಗುಳಿದರೆ ‘ಭಾರಿ ತಾಕತ್ತೈತಿ’ ಅನ್ನೋರಿಗೆ ನಾನು ಹೇಳೋದಿಷ್ಟೆ: ಅದು ತಾಕತ್ತಲ್ರೀ, ಪೂರ್ತಿ ಸುಡದೆ ಹೊರಬಿದ್ದ ನಿಮ್ಮ ಡೀಸೆಲ್ಲು!

ಗಂಗಾವತಿಯ ಗದ್ದೆ ಕೆಸರಿರಲಿ, ಕುಷ್ಟಗಿ, ಯಲಬುರ್ಗಾದ ಎರೆ ಹೊಲವಿರಲಿ, ಗಾಡಿ ಎಳೀಲಿಲ್ಲ ಅಂದ್ರ ಮದ್ದು ಒಂದೇ: ಪಂಪಿನ ಸ್ಕ್ರೂ ತಿರುವಿ ಡೀಸೆಲ್ ಏರಿಸು. ಗಾಳಿಯ ಲೆಕ್ಕ ಯಾರೂ ಕೇಳೋದಿಲ್ಲ. 1 ಕೆಜಿ ಡೀಸೆಲ್ ಸುಡಲು ಸುಮಾರು 14.5 ಕೆಜಿ ಗಾಳಿ ಬೇಕು. ಹೊಗೆಯಿಲ್ಲದೆ ಸುಡಲು ಇನ್ನೂ ಹೆಚ್ಚು. ಟರ್ಬೊ ಇಲ್ಲದ 3 ಲೀಟರ್ ಎಂಜಿನ್ 2000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಎಳೆದುಕೊಳ್ಳುವುದು ಹೆಚ್ಚೆಂದರೆ 3000 ಲೀಟರ್ ಗಾಳಿ. ಸ್ಕ್ರೂ ಎಷ್ಟೇ ತಿರುವಿ, ಅದು ಹೆಚ್ಚೋದಿಲ್ಲ.

ಏರಿಸಿದ ಡೀಸೆಲ್ ಮೊದಲು ಸ್ವಲ್ಪ ಬಲ ಕೊಡುತ್ತದೆ, ಖರೆ. ಆಮೇಲೆ? ಪಿಸ್ಟನ್ ಅತಿಯಾಗಿ ಕಾಯುತ್ತದೆ. ಸುಡದ ಡೀಸೆಲ್ ಕೆಳಗಿಳಿದು ಎಂಜಿನ್ ಆಯಿಲ್ ತೆಳ್ಳಗಾಗುತ್ತದೆ. ಬೋರ್ ಕೆಲಸದ ಬಿಲ್ಲು ಮೆಕ್ಯಾನಿಕ್ ಕಟ್ಟೋದಿಲ್ಲ, ರೈತ ಕಟ್ಟಬೇಕು.

ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ. ನಾಝಲ್ ಟೆಸ್ಟ್ ಮಾಡಿಸಿ. ಪಂಪ್ ಮುಟ್ಟಲೇಬೇಕಾದರೆ ಕ್ಯಾಲಿಬ್ರೇಶನ್ ಬೆಂಚಿಗೆ ಹಾಕಿ, ಕಂಪನಿ ಅಳತೆಗೆ ಕೂರಿಸಿ. ಇನ್ನೂ ಬಲ ಬೇಕೇನ್ರೀ? ದೊಡ್ಡ ಗಾಡಿ ಬಾಡಿಗೆಗೆ ಕರೆಸಿ. ಕಿವಿಗೊಟ್ಟು ಕೇಳಿ ಅಂದಾಜಿನ ಮೇಲೆ ಪಂಪ್ ಏರಿಸೋರ ಕೈಗೆ ಮಾತ್ರ ನಿಮ್ಮ ಗಾಡಿ ಕೊಡಬೇಡಿ.