ಎರಡು ಭಾಷೆ ಮಾತಾಡಿದ ಜಾಗ್ವಾರ್‌ಗೆ ಒಂದು ಊರೂ ಇರಲಿಲ್ಲ

ಹಿಂದೂಪುರ, ಕಲ್ಯಾಣದುರ್ಗ, ಮಡಕಶಿರಾ, ರಾಯದುರ್ಗದ ಗೆಳೆಯರೇ, ಈ ಪೋಸ್ಟ್ ಓದಿ ಕೆಲವರಿಗೆ ಸಿಟ್ಟು ಬರುತ್ತೆ. ಬರಲಿ. "ಕನ್ನಡ ಕನ್ನಡ ಅಂತ ಪೇಜ್ ನಡೆಸ್ಕೊಂಡು ಕನ್ನಡ ಸಿನಿಮಾನೇ ಬೈತೀರಲ್ಲ" ಅನ್ನೋ ಕಾಮೆಂಟ್ ಬಂದೇ ಬರುತ್ತೆ. ಹೌದು, ಬೈತೀವಿ. ಕೆಟ್ಟ ಸಿನಿಮಾ ಯಾವ ಭಾಷೇಲಿದ್ರೂ ಕೆಟ್ಟದ್ದೇ. ಅದು ನಮ್ಮ ಭಾಷೇಲಿದ್ರೆ ಇನ್ನೂ ಒಂದು ಪಟ್ಟು ಜಾಸ್ತಿ ನೋವು.

ವಿಷಯ ಏನಪ್ಪಾ ಅಂದ್ರೆ, ಕನ್ನಡಕ್ಕೆ ಒಬ್ಬ ಸೂಪರ್‌ಹೀರೋ ಯಾಕಿಲ್ಲ ಅನ್ನೋ ಪ್ರಶ್ನೆ ಹುಡುಗರ ಬಾಯಲ್ಲಿ ಬರ್ತಾನೇ ಇರುತ್ತೆ. ಕೇಳಿದ ಕೂಡಲೇ ಒಬ್ಬ ಎದ್ದು "ಯಾಕಿಲ್ಲ? ಜಾಗ್ವಾರ್ ಇದೆಯಲ್ಲ" ಅಂತಾನೆ. ಸರಿ, ಜಾಗ್ವಾರ್‌ನಿಂದಲೇ ಶುರು ಮಾಡೋಣ.

2016ರ ಅಕ್ಟೋಬರ್ 6ಕ್ಕೆ ಬಂದ ಸಿನಿಮಾ. ನಿಖಿಲ್ ಕುಮಾರಸ್ವಾಮಿ ಅವರ ಮೊದಲ ಚಿತ್ರ. ನಿರ್ದೇಶನ ಮಹದೇವ್, ಕಥೆ ವಿ. ವಿಜಯೇಂದ್ರ ಪ್ರಸಾದ್, ಸಂಗೀತ ತಮನ್. ಕನ್ನಡ, ತೆಲುಗು ಎರಡರಲ್ಲೂ ಒಟ್ಟಿಗೆ ತೆಗೆದದ್ದು, ಒಟ್ಟಿಗೆ ಬಿಟ್ಟದ್ದು. (ಅವರ ಮನೆಯ ರಾಜಕೀಯದ ಬಗ್ಗೆ ಇಲ್ಲಿ ಒಂದು ಮಾತೂ ಇಲ್ಲ. ಕಾಮೆಂಟಲ್ಲಿ ಪಕ್ಷ ತಂದ್ರೆ ತೆಗೆದು ಹಾಕ್ತೀವಿ.) ಮುಖವಾಡ ಹಾಕಿದ ಒಬ್ಬ ನ್ಯಾಯಾಧೀಶರನ್ನ ಕೊಲ್ತಾನೆ, ಆ ಕೊಲೆ ಒಂದು ಟಿವಿ ವಾಹಿನಿಯಲ್ಲಿ ನೇರವಾಗಿ ಪ್ರಸಾರ ಆಗುತ್ತೆ, ಸಿಬಿಐ ಬೆನ್ನು ಹತ್ತುತ್ತೆ. ಇನ್ನೊಂದು ಕಡೆ ಮೆಡಿಕಲ್ ಕಾಲೇಜಿನ ಒಬ್ಬ ವಿದ್ಯಾರ್ಥಿ. ಇಬ್ಬರೂ ಒಬ್ಬನೇ ಅಂತ ಪೋಸ್ಟರ್ ನೋಡಿದ ಚಿಕ್ಕ ಮಗುಗೂ ಗೊತ್ತು.

ಪವರ್ ಇಲ್ಲ, ಹಾರಲ್ಲ, ಹಾಗಾಗಿ ಸೂಪರ್‌ಹೀರೋ ಅಲ್ಲ ಅನ್ನಬೇಡಿ. ಬ್ಯಾಟ್‌ಮ್ಯಾನ್‌ಗೂ ಪವರ್ ಇಲ್ಲ. ಪ್ರಾಣಿ ಹೆಸರು, ಮುಖವಾಡ, ಹಗಲು ಒಂದು ವೇಷ ರಾತ್ರಿ ಒಂದು ವೇಷ, ಕಾನೂನು ಮಾಡದ ಕೆಲಸ ತಾನು ಮಾಡೋದು. ಸಾಮಾನೆಲ್ಲ ಅದೇ. ಈ ಸಾಮಾನು ಇಟ್ಕೊಂಡು ಒಳ್ಳೆ ಅಡುಗೆ ಮಾಡಬಹುದಿತ್ತು. ನೇರ ಪ್ರಸಾರದ ಕೊಲೆ ಅನ್ನೋ ಆ ಮೊದಲ ಐಡಿಯಾ ಚೆನ್ನಾಗೇ ಇದೆ, ಸುಳ್ಳು ಯಾಕೆ ಹೇಳಬೇಕು. ಜನ ಟಿವಿ ಮುಂದೆ ಕೂತು ಒಂದು ಕೊಲೆ ನೋಡ್ತಾರೆ ಅಂದ್ರೆ ಎಷ್ಟು ಪ್ರಶ್ನೆ ಏಳಬೇಕು! ಸತ್ತವನ ಮನೆಯವರು ಏನಂದ್ರು? ನೋಡಿದವರಲ್ಲಿ ಯಾರು ಚಪ್ಪಾಳೆ ತಟ್ಟಿದ್ರು, ಯಾರಿಗೆ ಹೆದರಿಕೆ ಆಯ್ತು? ಮಾಡಿದವನಿಗೆ ಆ ರಾತ್ರಿ ನಿದ್ದೆ ಬಂತಾ? ಅದ್ಯಾವುದರ ಹತ್ತಿರವೂ ನಿಲ್ಲದೆ ಸಿನಿಮಾ ಕಾಲೇಜು ಕ್ಯಾಂಪಸ್ಸಿಗೆ ಓಡಿಹೋಗುತ್ತೆ. ಅಲ್ಲಿ ಡ್ಯಾನ್ಸ್, ಅಲ್ಲಿ ತಮಾಷೆ, ಅಲ್ಲಿ ಹುಡುಗಿ ಹಿಂದೆ ಸುತ್ತೋದು. ಹಗಲಿನ ಹುಡುಗನಿಗೆ ರಾತ್ರಿಯ ಕೊಲೆಯ ನೆರಳೂ ತಾಕಲ್ಲ. ಮುಖವಾಡದ ಕಥೆಗೆ ಇರೋ ಒಂದೇ ಒಂದು ಬಂಡವಾಳ ಅಂದ್ರೆ ಎರಡು ಮುಖದ ನಡುವಿನ ಜಗಳ. ಆ ಜಗಳವೇ ಇಲ್ಲದ ಮೇಲೆ ಮುಖವಾಡ ಯಾಕೆ? ಹೆಲ್ಮೆಟ್ ಹಾಕಿದ್ರೂ ಆಗ್ತಿತ್ತು.

ಉಳಿದ ಪಾತ್ರಗಳ ಗತಿ ಇನ್ನೂ ಕೆಟ್ಟದು. ಜಗಪತಿ ಬಾಬು ಸಿಬಿಐ ಅಧಿಕಾರಿ. ಬರೀ ಕಣ್ಣಲ್ಲೇ ಹೆದರಿಸೋ ನಟ. ಕಳ್ಳನಷ್ಟೇ ಬುದ್ಧಿ ಇರೋ ಪೊಲೀಸ್ ಸಿಕ್ಕಿದ್ರೆ ಮಾತ್ರ ಇಂಥ ಕಥೆ ನಿಲ್ಲೋದು. ಇಲ್ಲಿ ಆತ ಹೀರೋಗಿಂತ ಯಾವಾಗಲೂ ಒಂದು ಹೆಜ್ಜೆ ಹಿಂದೆ, ಯಾಕಂದ್ರೆ ಹೀರೋ ಮುಂದಿರಬೇಕು ಅಂತ ಮೊದಲೇ ತೀರ್ಮಾನ ಆಗಿದೆ. ದೀಪ್ತಿ ಸತಿ ಹಿಂದಿನ ವರ್ಷ ತಾನೇ ಮಲಯಾಳಂನ 'ನೀ-ನಾ'ದಲ್ಲಿ ಒಂದು ಗಟ್ಟಿ ಪಾತ್ರ ಮಾಡಿ ಬಂದವರು. ಅವರನ್ನ ಕರೆಸಿ ಮಾಡಿಸಿದ್ದು ಮುನಿಸಿಕೊಳ್ಳೋದು, ನಗೋದು, ಹಾಡಿಗೆ ಕುಣಿಯೋದು. ಅದೂ ಸಾಲದು ಅಂತ ಇನ್ನೊಂದು ಹಾಡಿಗೆ ತಮನ್ನಾ. ರಮ್ಯಾ ಕೃಷ್ಣ ವಿಚಾರ ಹೇಳಿದ್ರೆ ಹೊಟ್ಟೆ ಉರಿಯುತ್ತೆ. 2015ರ ಬಾಹುಬಲಿಯಲ್ಲಿ ಇದೇ ವಿಜಯೇಂದ್ರ ಪ್ರಸಾದ್ ಕಥೆಯಲ್ಲಿ ಶಿವಗಾಮಿ ಆದವರು. ಕೂಸನ್ನ ಒಂದು ಕೈಯಲ್ಲಿ ನೀರ ಮೇಲೆ ಎತ್ತಿ ಹಿಡಿದಿದ್ದು ಇವತ್ತಿಗೂ ಯಾರೂ ಮರೆತಿಲ್ಲ. ಒಂದೇ ವರ್ಷದ ಅಂತರ, ಅದೇ ಕಥೆಗಾರ, ಅದೇ ನಟಿ. ಜಾಗ್ವಾರ್‌ನಲ್ಲಿ ಅವರು ಮಾಡಿದ ಒಂದು ದೃಶ್ಯ ಥಟ್ ಅಂತ ನೆನಪಿಸ್ಕೊಳ್ಳಿ ನೋಡೋಣ. ಆಗಲ್ಲ ಅಲ್ವಾ?

ಯಾಕೆ ಹೀಗಾಯ್ತು? ಹೊಸ ಹುಡುಗನನ್ನ ಎತ್ತಿ ನಿಲ್ಲಿಸಬೇಕು ಅನ್ನೋ ಆತುರ. ಫೈಟ್ ಬರುತ್ತಾ ತೋರಿಸು, ಡ್ಯಾನ್ಸ್ ಬರುತ್ತಾ ತೋರಿಸು, ಮೈಕಟ್ಟು ತೋರಿಸು. ಹೆಣ್ಣು ನೋಡೋಕೆ ಬಂದವರ ಮುಂದೆ ಹಾಡು ಹೇಳಿಸಿದ ಹಾಗೆ. ನಿಖಿಲ್ ಪಟ್ಟ ಶ್ರಮ ಕಾಣುತ್ತೆ, ಅದನ್ನ ಅಲ್ಲಗಳೆಯಲ್ಲ. ಆದ್ರೆ ಸುತ್ತ ಇರೋರೆಲ್ಲ ಕುಗ್ಗಿದ್ರೆ ಹೀರೋ ಎತ್ತರ ಕಾಣ್ತಾನೆ ಅನ್ನೋ ಲೆಕ್ಕ ಇದೆಯಲ್ಲ, ಅದು ತಲೆಕೆಳಗು.

ಈಗ ನಮ್ಮ ವಿಷಯಕ್ಕೆ ಬರೋಣ. ಕನ್ನಡ ತೆಲುಗು ಎರಡೂ ಬರೋ ಜನಕ್ಕೆ ಎರಡೂ ಭಾಷೆಯಲ್ಲಿ ಒಂದು ಸಿನಿಮಾ ಅಂದ್ರೆ ಕಿವಿ ನೆಟ್ಟಗಾಗದೆ ಇರುತ್ತಾ? ಹಿಂದೂಪುರದ ಮಂಡಿಯಲ್ಲಿ ಚಿಂತಪಂಡು, ಮನೇಗೆ ಬಂದ್ರೆ ಹುಣಸೆಹಣ್ಣು. ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಲ್ಲಿ ಮುಗಿಯೋದು ನಮಗೆ ದಿನಾ ನಡೆಯೋ ಸಂಗತಿ. ಕಲ್ಯಾಣದುರ್ಗದಲ್ಲಿ ಕಡ್ಲೆಕಾಯಿ ಬಿತ್ತೋ ಅಪ್ಪ ಒಂದು ಭಾಷೇಲಿ ಬೈತಾನೆ, ಇನ್ನೊಂದು ಭಾಷೇಲಿ ಸಾಲ ಕೇಳ್ತಾನೆ. ಇದೇ ಒಂದು ಎರಡು ಮುಖದ ಬದುಕು ಕಣ್ರೋ. ಮುಖವಾಡದ ಹೀರೋಗೆ ಇದಕ್ಕಿಂತ ಒಳ್ಳೆ ಊರು ಎಲ್ಲಿ ಸಿಗಬೇಕು? ಆದ್ರೆ ಜಾಗ್ವಾರ್‌ಗೆ 'ಎರಡು ಭಾಷೆ' ಅಂದ್ರೆ ಎರಡು ಮಾರುಕಟ್ಟೆ ಅಷ್ಟೇ. ಒಂದೇ ದೃಶ್ಯ, ತುಟಿ ಮಾತ್ರ ಎರಡು ಸಲ. ಅಲ್ಲಿರೋದು ಬೆಂಗಳೂರೂ ಅಲ್ಲ, ಹೈದರಾಬಾದೂ ಅಲ್ಲ, ಗಾಜಿನ ಕಟ್ಟಡಗಳ ಯಾವುದೋ ಒಂದು ಜಾಗ. ಎರಡೂ ಕಡೆಯವರಿಗೆ ಒಪ್ಪಿಗೆ ಆಗಲಿ ಅಂತ ಊರಿನ ಗುರುತನ್ನೆಲ್ಲ ಉಜ್ಜಿ ತೆಗೆದ್ರು. ಕೊನೆಗೆ ಯಾರ ಊರೂ ಆಗಲಿಲ್ಲ. ಎರಡು ಭಾಷೆ ಬದುಕೋ ನಾವು ಆ ಸಿನಿಮಾಗೆ ಕಣ್ಣಿಗೇ ಬೀಳಲಿಲ್ಲ.

"ಬಜೆಟ್ ಇಲ್ಲ ಬ್ರೋ, ಹಾಲಿವುಡ್ ಜೊತೆ ಹೋಲಿಸಬೇಡಿ" ಅಂತೀರಾ? ಹಾಲಿವುಡ್ ಬೇಡ. ಕೇರಳ ನೋಡಿ. 2021ರ ಡಿಸೆಂಬರ್ 24ಕ್ಕೆ ನೆಟ್‌ಫ್ಲಿಕ್ಸ್‌ಗೆ ಬಂದ ಬೇಸಿಲ್ ಜೋಸೆಫ್ ಅವರ 'ಮಿನ್ನಲ್ ಮುರಳಿ'. ಕುರುಕ್ಕನ್‌ಮೂಲ ಅನ್ನೋ ಒಂದು ಹಳ್ಳಿ. ಜೈಸನ್ ಅಂತ ಒಬ್ಬ ಟೈಲರ್, ಅಮೆರಿಕಕ್ಕೆ ಹೋಗೋ ಕನಸು. ಶಿಬು ಅಂತ ಒಬ್ಬ, ಟೀ ಅಂಗಡಿಯಲ್ಲಿ ಕೆಲಸ, ಊರೆಲ್ಲ ಅವನನ್ನ ಹುಚ್ಚ ಅಂತ ದೂರ ಇಟ್ಟಿದೆ. ಒಂದೇ ರಾತ್ರಿ ಇಬ್ಬರಿಗೂ ಸಿಡಿಲು ಹೊಡೆಯುತ್ತೆ, ಇಬ್ಬರಿಗೂ ಶಕ್ತಿ ಬರುತ್ತೆ. ಒಬ್ಬ ಹೀರೋ ಆಗ್ತಾನೆ, ಇನ್ನೊಬ್ಬ ವಿಲನ್. ಆದ್ರೆ ಆ ವಿಲನ್ ಬ್ಯಾಂಕ್ ದೋಚಿದ್ದು ಯಾಕೆ ಗೊತ್ತಾ? ಶಾಲೆ ದಿನಗಳಿಂದ ಪ್ರೀತಿಸಿದ ಉಷಾಳ ಮಗಳ ಚಿಕಿತ್ಸೆಗೆ. ಗುರು ಸೋಮಸುಂದರಂ ಆ ಪಾತ್ರದಲ್ಲಿ ಅಳ್ತಾ ನಗ್ತಾರಲ್ಲ, ಅಲ್ಲಿ ಹೀರೋನೇ ಮರೆತುಹೋಗ್ತಾನೆ. ಹೀರೋನನ್ನ ಮರೆಸೋ ವಿಲನ್‌ನ ಬರೆಯೋಕೆ ಎಷ್ಟು ಧೈರ್ಯ ಬೇಕು! ಇನ್ನು ಬ್ರೂಸ್ ಲೀ ಬಿಜಿ ಅಂತ ಕರಾಟೆ ಹೇಳಿಕೊಡೋ ಹುಡುಗಿ. ಅವಳನ್ನ ಯಾರೂ ಪ್ರೀತಿಸೋಕೆ ಇಟ್ಟಿಲ್ಲ, ಅವಳ ಪಾಡಿಗೆ ಅವಳಿದ್ದಾಳೆ, ಒದೀತಾಳೆ. ಇದಕ್ಕೆಲ್ಲ ಬಜೆಟ್ ಬೇಕಾ? ಪೆನ್ನು ಪೇಪರ್ ಬೇಕು.

ತೆಲುಗಲ್ಲೂ 2024ರ ಜನವರಿಯಲ್ಲಿ 'ಹನುಮಾನ್' ಬಂತು. ಅದರಲ್ಲೂ ಲೋಪ ಇದೆ, ಆದ್ರೆ ವರಲಕ್ಷ್ಮಿ ಮಾಡಿದ ಅಕ್ಕನ ಪಾತ್ರ ಒಂದೇ ಸಾಕು, ಮನೆಯವಳು ಅನ್ನಿಸುತ್ತೆ.

ಇನ್ನೊಂದು ವಾದ ಇದೆ: "ಗಡಿ ಹುಡುಗರು ತೆಲುಗು ಹೀರೋಗಳ ಹಿಂದೆ ಹೋಗ್ತಾರೆ, ಅಭಿಮಾನ ಇಲ್ಲ." ಸ್ವಲ್ಪ ನಿಲ್ಲಿ ಸ್ವಾಮಿ. 1980ರಲ್ಲೇ ಎನ್.ಟಿ. ರಾಮರಾವ್ ತೆಲುಗಲ್ಲಿ 'ಸೂಪರ್‌ಮ್ಯಾನ್' ಆಗಿದ್ದರು, ಹನುಮಂತನ ವರ ಪಡೆದ ಸೂಪರ್‌ಮ್ಯಾನ್. ಮುಂದೆ 1985, 1989, 1994ರಲ್ಲಿ ಅವರೇ ಹಿಂದೂಪುರದ ಶಾಸಕರು! ಸೂಪರ್‌ಮ್ಯಾನೇ ಎಂಎಲ್‌ಎ ಆದ ಊರು ನಮ್ಮದು. ಆ ಕಡೆ ಕನ್ನಡದಲ್ಲಿ ದಶಕಗಟ್ಟಲೆ ಡಬ್ಬಿಂಗ್‌ಗೆ ಅಡ್ಡಿ. 2015ರಲ್ಲಿ ಸ್ಪರ್ಧಾ ಆಯೋಗ ಅದನ್ನ ತಪ್ಪು ಅಂದ ಮೇಲೆ ಬಾಗಿಲು ಸಡಿಲ ಆಗಿದ್ದು. 2019ರಲ್ಲಿ 'ಅವೆಂಜರ್ಸ್: ಎಂಡ್‌ಗೇಮ್' ಬಂದಾಗಲೂ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಇತ್ತು, ಕನ್ನಡ ಇರಲಿಲ್ಲ. ಕಾಮಿಡಿ ನೋಡಿ, ಐರನ್ ಮ್ಯಾನ್ ಸಾಯೋದನ್ನ ನಮ್ಮ ತಮ್ಮಂದಿರು ತೆಲುಗಲ್ಲಿ ನೋಡಿ ಅತ್ತರು, ಆಮೇಲೆ ಅಭಿಮಾನ ಇಲ್ಲ ಅಂತ ಬೈಗುಳವೂ ಅವರಿಗೇ. 2023ರ ಜೂನ್‌ನಲ್ಲಿ ಸ್ಪೈಡರ್‌ಮ್ಯಾನ್‌ನ 'ಸ್ಪೈಡರ್-ವರ್ಸ್' ಚಿತ್ರ ಕನ್ನಡದಲ್ಲೂ ಬಂತು. ಹೊರಗಿನವರಿಗೆ ಕನ್ನಡ ಬೇಕು ಅನ್ನಿಸಿದೆ, ನಮ್ಮವರಿಗೆ ಪಾತ್ರ ಬೇಕು ಅಂತ ಯಾವಾಗ ಅನ್ನಿಸುತ್ತೋ.

ಪಾತ್ರ ಹುಡುಕೋಕೆ ದೂರ ಹೋಗಬೇಕಾಗಿಲ್ಲ. ಹಿಂದೂಪುರದಿಂದ ಆಟೋ ಹತ್ತಿದ್ರೆ ಲೇಪಾಕ್ಷಿ. ಅಲ್ಲಿಯ ಶಾಸನಗಳು ಹೆಚ್ಚಿನವು ಕನ್ನಡದಲ್ಲೇ ಇವೆ, ಹೋದಾಗ ನಿಂತು ಓದಿ. ಗುಡಿ ಕಟ್ಟಿಸಿದ ವಿರೂಪಣ್ಣನ ಐತಿಹ್ಯ ಗೊತ್ತಲ್ಲ? ಅರಸನ ಬೊಕ್ಕಸದ ಹಣ ಗುಡಿಗೆ ಸುರಿದ ಅಂತ ಆರೋಪ, ಶಿಕ್ಷೆ ಬರೋ ಮುಂಚೆ ತಾನೇ ಕಣ್ಣು ಕಿತ್ತು ಗೋಡೆಗೆ ಎಸೆದನಂತೆ, ಆ ಕೆಂಪು ಕಲೆ ಇದೇ ಅಂತ ಗೈಡ್‌ಗಳು ಇವತ್ತಿಗೂ ತೋರಿಸ್ತಾರೆ. ಅವನು ಕಳ್ಳನೋ, ಭಕ್ತನೋ, ಹಟಮಾರಿಯೋ? ಒಂದು ಗೋಡೆಯ ಕಲೆಯಲ್ಲಿ ಇರೋ ಪಾತ್ರ ಇಡೀ ಜಾಗ್ವಾರ್‌ನಲ್ಲಿ ಇಲ್ಲ.

ಈ ಭಾನುವಾರ ಬಿಡುವಿದ್ರೆ ಮಿನ್ನಲ್ ಮುರಳಿ ಹಾಕಿ, ಆಡಿಯೋದಲ್ಲಿ ಕನ್ನಡ ಇದೆ, ಅದನ್ನೇ ಆರಿಸಿ. ಪಕ್ಕದಲ್ಲಿ ತಮ್ಮ ತಂಗಿಯರನ್ನೂ ಕೂರಿಸ್ಕೊಳ್ಳಿ. ಉಷಾಳ ಮುಂದೆ ಶಿಬು ತನ್ನ ಮನಸ್ಸು ಬಿಚ್ಚಿ ಹೇಳೋ ಸೀನ್ ಬಂದಾಗ ಮನೇಲಿ ಯಾರು ಸುಮ್ಮನಾದ್ರು ಅಂತ ಕೆಳಗೆ ಬರೀರಿ.