ತಲೆ ಹಗುರಾದರೆ ಡಾಕ್ಟರಿಗೆ ಯಾಕೆ ಹೇಳಬೇಕು?

ಕೆಲವು ತಿಂಗಳ ಹಿಂದೆ ರಕ್ತದೊತ್ತಡದ ಮಾತ್ರೆಯೊಂದರ ಜೊತೆ ರೋಗಿಗೆ ಕೊಡುವ ಸೂಚನೆಯನ್ನು ಕನ್ನಡಕ್ಕೆ ತಂದೆ. ಇಂಗ್ಲಿಷಿನಲ್ಲಿ ‘ಲೈಟ್‌ಹೆಡೆಡ್’ ಎಂದಿತ್ತು. ‘ಎದ್ದು ನಿಂತಾಗ ಕಣ್ಣು ಕತ್ತಲೆ ಬಂದಂತಾದರೆ ಕೂಡಲೇ ಕುಳಿತುಕೊಳ್ಳಿ, ವೈದ್ಯರಿಗೆ ತಿಳಿಸಿ’ ಎಂದು ಬರೆದೆ. ವಾರದ ನಂತರ ಅದು ತಿದ್ದುಪಡಿಯಾಗಿ ವಾಪಸು ಬಂತು: ‘ತಲೆ ಹಗುರವಾದಂತೆ ಅನಿಸಿದರೆ ವೈದ್ಯರಿಗೆ ತಿಳಿಸಿ.’

ಕನ್ನಡದಲ್ಲಿ ತಲೆ ಹಗುರಾಗುವುದು ಯಾವಾಗ? ಸಾಲ ತೀರಿದಾಗ, ಮಗಳ ಮದುವೆ ಮುಗಿದಾಗ, ಮೂರು ದಿನದ ನೆಗಡಿ ಇಳಿದಾಗ. ಅದು ರೋಗಲಕ್ಷಣವಲ್ಲ, ರೋಗ ಬಿಟ್ಟುಹೋದ ಲಕ್ಷಣ.

ತಿದ್ದಿದವರನ್ನು ಬೈಯುವುದು ಸುಲಭ. ಅವರ ಕೈ ಕಟ್ಟಿಹಾಕಿದ್ದು ನಮ್ಮ ಕಸುಬಿನ ಒಂದು ಪದ್ಧತಿ. ನಾನು ಮಾಡಿದ ಕನ್ನಡವನ್ನು ಇನ್ನೊಬ್ಬರು, ಮೂಲ ನೋಡದೆ, ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ; ಎರಡು ಇಂಗ್ಲಿಷನ್ನೂ ಪಕ್ಕದಲ್ಲಿಟ್ಟು ತಾಳೆ ನೋಡುತ್ತಾರೆ. ‘ಕಣ್ಣು ಕತ್ತಲೆ’ ತಿರುಗಿ ಹೋದಾಗ ಅಲ್ಲಿ ಕಣ್ಣೂ ಕತ್ತಲೂ ಕಾಣುತ್ತವೆ, ಮೂಲದಲ್ಲಿ ಎರಡೂ ಇಲ್ಲ. ಹಾಗಾಗಿ ಕೆಂಪು ಗೆರೆ. ‘ತಲೆ ಹಗುರ’ ಅಚ್ಚುಕಟ್ಟಾಗಿ ಮೂಲಕ್ಕೆ ಹೊಂದುತ್ತದೆ. ತಪ್ಪು ಪಾಸಾಗುತ್ತದೆ, ಸರಿ ಫೇಲಾಗುತ್ತದೆ.

‘ಲೈಟ್’ ಮೊದಲಿಂದಲೂ ಇಂಥ ಕಿತಾಪತಿಯ ಪದ. ಬೆಳಕಿನ ಲೈಟು, ಹಗುರದ ಲೈಟು ಮೂಲದಲ್ಲಿ ಬೇರೆ ಬೇರೆ. ಇಂಗ್ಲಿಷಿನಲ್ಲಿ ಉಚ್ಚಾರ ಸವೆದು ಒಂದಾದವು. ಜರ್ಮನ್ನಿನಲ್ಲಿ ಇವತ್ತಿಗೂ ಒಂದು ‘ಲಿಖ್ಟ್’, ಇನ್ನೊಂದು ‘ಲೈಖ್ಟ್’. ಹಗುರದ ಲೈಟು ನಮ್ಮ ‘ಲಘು’ವಿನ ದೂರದ ನೆಂಟ. ಬೆಳಕಿನದು ಸಂಸ್ಕೃತದ ‘ರುಚ್’ ಧಾತುವಿನ ಕಡೆಯದು. ‘ರುಚಿ’ಗೆ ಹೊಳಪು ಎಂಬ ಅರ್ಥವೂ ಇರುವುದು ಅದಕ್ಕೇ.

ನಮ್ಮಲ್ಲಿಗೆ ಬಂದ ಮೇಲೆ ಲೈಟು ಬೇರೆಯೇ ಸಂಸಾರ ಹೂಡಿತು. ರಾಯಚೂರಿನ ನಮ್ಮ ಮನೆಯಲ್ಲಿ ಕರೆಂಟು ಹೋದರೆ ‘ಲೈಟ್ ಹೋಗ್ಯಾವ’. ಬೆಂಗಳೂರಿನ ಗೆಳೆಯರಿಗೆ ‘ಲೈಟಾಗಿ ಡೌಟು’ ಬರುತ್ತದೆ. ಅಲ್ಲಿ ತೂಕವೂ ಇಲ್ಲ ಬೆಳಕೂ ಇಲ್ಲ, ಬರೀ ‘ಸ್ವಲ್ಪ’. ಹೈದರಾಬಾದಿನಲ್ಲಂತೂ ಅದು ಜೀವನದೃಷ್ಟಿ: ತೆಲುಗಿನವರ ‘ಲೈಟ್ ತೀಸ್ಕೋ’, ದಖ್ಖನಿಯವರ ‘ಲೈಟ್ ಲೇಲೋ ಮಿಯಾ’. ಬಿಟ್ಟಾಕು, ತಲೆ ಕೆಡಿಸಿಕೊಳ್ಳಬೇಡ ಅಂತ. ನಾನು ಆಕ್ಷೇಪ ತೆಗೆದಾಗ ಕೆಲಸ ಹಂಚುವ ಮಹಾಶಯರು ಫೋನಿನಲ್ಲಿ ಹೇಳಿದ್ದೂ ಅದನ್ನೇ, ಗೌರವ ಸೇರಿಸಿ: ‘ಲೈಟ್ ತೀಸ್ಕೋಂಡಿ.’

ಪದಕ್ಕೆ ಪದ ಇಡುವುದೆಲ್ಲ ತಪ್ಪೆಂದು ನಾನು ಹೇಳುತ್ತಿಲ್ಲ. ‘ಹಗರಣ ಬೆಳಕಿಗೆ ಬಂತು’ ಇಂಗ್ಲಿಷಿನ ಅಚ್ಚಿನಲ್ಲೇ ಇದೆ, ಆದರೂ ಈಗ ಅದು ಅಚ್ಚಕನ್ನಡ. ಪತ್ರಿಕೆಯ ನುಡಿಗಟ್ಟು ಬೇರೂರಲು ವರ್ಷಗಟ್ಟಲೆ ಕಾಯಬಹುದು. ಮಾತ್ರೆ ನುಂಗಿದವರು ಕಾಯಲಾರರು. ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡುವ ಪದ್ಧತಿ ಬೇಕಾದರೆ ಇರಲಿ. ಅದಕ್ಕೂ ಮೊದಲು ಆ ಮಾತ್ರೆ ನುಂಗುವಂಥ ಇಬ್ಬರಿಗೆ ಹಾಳೆಯನ್ನು ಗಟ್ಟಿಯಾಗಿ ಓದಿ ಹೇಳಿ, ‘ಇದರಿಂದ ಏನು ತಿಳೀತು?’ ಎಂದು ಕೇಳಬೇಕು. ಅದಕ್ಕೆ ಬೇಕಾಗುವುದು ಅರ್ಧ ಗಂಟೆ. ಅವರ ಉತ್ತರವೇ ಕೊನೆಯ ಪುರಾವೆಯಾಗಬೇಕು, ಮೂಲದ ಜೊತೆಗಿನ ಹೋಲಿಕೆಯಲ್ಲ.

ನಾನು ಒಬ್ಬರನ್ನಾದರೂ ಕೇಳಿದೆ. ಅವ್ವ ಆರು ವರ್ಷದಿಂದ ಬಿಪಿ ಮಾತ್ರೆ ತೊಗೊಳ್ತಾಳೆ. ತಿದ್ದಿದ ಸಾಲನ್ನು ಫೋನಿನಲ್ಲಿ ಓದಿ, ಹಿಂಗಾದ್ರ ಏನ್ ಮಾಡ್ತಿ ಅಂದೆ.

‘ತಲಿ ಹಗುರಾದ್ರ ಚಲೋ ಅಲ್ಲೇನು? ಅದಕ್ಯಾಕ ಡಾಕ್ಟರಿಗೆ ಹೇಳಬೇಕು?’

ಆ ಉತ್ತರವನ್ನು ಹಾಗೇ ಟೈಪಿಸಿ, ಇಂಗ್ಲಿಷ್ ಅನುವಾದದ ಸಮೇತ, ಮೇಲ್ ಮಾಡಿದ್ದೇನೆ.