ಮಾರಯ್ಯನವರ ಅಕ್ಕಿ, ಲಕ್ಕಮ್ಮನವರ ಪ್ರಶ್ನೆ ಮತ್ತು ಇಂದಿನ ಉದ್ಯಮ

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಅರಿಯದ ಶರಣಬಂಧುಗಳು ವಿರಳ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳು, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದಲೇ ಜಂಗಮ ದಾಸೋಹವನ್ನು ನಡೆಸಿದರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಹೇಳಿದರೆಂಬ ಪ್ರಸಂಗ ಸುಪ್ರಸಿದ್ಧ. ಪ್ರವಚನಗಳಲ್ಲಿ ಇದನ್ನು ಆಸೆಯ ನಿರಾಕರಣೆಗೆ ನಿದರ್ಶನವಾಗಿ ಹೇಳುವುದು ವಾಡಿಕೆ. ಅದು ಸರಿಯೇ. ಆದರೆ ಪ್ರಸಂಗಕ್ಕೆ ಇನ್ನೊಂದು ಮುಖವುಂಟು. ಅಳತೆ ಮೀರಿದ್ದನ್ನು ಗುರುತಿಸಿದವರು ಹೊರಗಿನ ಉಪದೇಶಕರಲ್ಲ. ಆ ಅಕ್ಕಿಯನ್ನು ಕೈಯಲ್ಲಿ ಹಿಡಿದು ದಾಸೋಹಕ್ಕೆ ಅಣಿಗೊಳಿಸುತ್ತಿದ್ದವರು. ಅವರಿಗೆ ಪ್ರಶ್ನಿಸುವ ಅಧಿಕಾರವಿತ್ತು, ಮಾರಯ್ಯನವರಿಗೆ ಅದನ್ನು ಕೇಳಿಸಿಕೊಳ್ಳುವ ಕಿವಿಯಿತ್ತು.

ಇಂದಿನ ಉದ್ಯಮಲೋಕದಲ್ಲಿ ‘ಸುಸ್ಥಿರತೆ’ ಎಂಬ ಶಬ್ದ ಬಹುವಾಗಿ ಬಳಕೆಯಲ್ಲಿದೆ. ನೆಲ, ಜಲ, ಗಾಳಿಗಳಿಗೆ ಕೇಡಾಗದಂತೆ ವ್ಯವಹರಿಸುವ ಸಂಸ್ಥೆಗೆ ಒಳ್ಳೆಯ ನೌಕರರು ತಾವಾಗಿಯೇ ಬರುತ್ತಾರೆ, ಬಂದವರು ಬಿಟ್ಟು ಹೋಗುವುದಿಲ್ಲ ಎಂಬ ಮಾತೂ ಅದರೊಡನೆ ಕೇಳಿಬರುತ್ತದೆ. ಈ ಮಾತು ನಿಜವಾಗುವುದು ಲಕ್ಕಮ್ಮನವರಿಗೆ ಇದ್ದ ಅಧಿಕಾರ ನೌಕರನಿಗೂ ಇರುವಲ್ಲಿ ಮಾತ್ರ.

ಅಮೆರಿಕೆಯ ಜಾರ್ಜಿಯಾ ರಾಜ್ಯದಲ್ಲಿ 1973ರಲ್ಲಿ ರೇ ಆಂಡರ್ಸನ್ ಎಂಬುವರು ಇಂಟರ್‌ಫೇಸ್ ಎಂಬ ಜಮಖಾನೆ ತಯಾರಿಕೆಯ ಕಂಪನಿಯನ್ನು ಕಟ್ಟಿದರು. ಪೆಟ್ರೋಲಿಯಂ ಮೂಲದ ನೂಲು, ಪೆಟ್ರೋಲಿಯಂ ಮೂಲದ ಅಂಟು. ಭೂಮಿಯಿಂದ ಎತ್ತಿಕೊಳ್ಳುವುದೇ ಅದರ ವ್ಯಾಪಾರ. 1994ರಲ್ಲಿ, ತಮ್ಮ ಅರವತ್ತನೆಯ ವಯಸ್ಸಿನಲ್ಲಿ, ‘ಪರಿಸರಕ್ಕಾಗಿ ನಿಮ್ಮ ಕಂಪನಿ ಏನು ಮಾಡುತ್ತಿದೆ’ ಎಂಬ ಗ್ರಾಹಕರ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲ. ಆಗ ಕೈಗೆ ಬಂದ ಪಾಲ್ ಹಾಕೆನ್ನರ ಪುಸ್ತಕವೊಂದು ಅವರ ಮನಸ್ಸನ್ನು ತಿರುಗಿಸಿತು. 2020ರ ವೇಳೆಗೆ ಪರಿಸರದ ಮೇಲಿನ ದುಷ್ಪರಿಣಾಮವನ್ನು ಶೂನ್ಯಕ್ಕೆ ಇಳಿಸುವ ಗುರಿಯನ್ನು ಆ ಕಂಪನಿ ಹಾಕಿಕೊಂಡಿತು. ವ್ಯರ್ಥವನ್ನು ನಿವಾರಿಸುವ ಕಾರ್ಯವನ್ನು ಕಾರ್ಖಾನೆಯ ನೌಕರರ ತಂಡಗಳಿಗೇ ಒಪ್ಪಿಸಲಾಯಿತು. ಯಂತ್ರದ ಮುಂದೆ ನಿಂತವನಿಗೆ ಯಾವ ಅಂಚು ಕತ್ತರಿಸಿ ಕಸವಾಗುತ್ತಿದೆ ಎಂಬುದು ಕಚೇರಿಯಲ್ಲಿ ಕುಳಿತವನಿಗಿಂತ ಮೊದಲೇ ತಿಳಿದಿರುತ್ತದೆ; ಕೇಳುವವರು ಬೇಕಷ್ಟೆ. ಅದರಿಂದ ಉಳಿದ ವೆಚ್ಚ 40 ಕೋಟಿ ಡಾಲರನ್ನು ಮೀರಿತೆಂದು ಆಂಡರ್ಸನ್ 2009ರಲ್ಲಿ ಹೇಳಿದರು. ಜನರನ್ನು ಸೆಳೆಯಲೂ ಒಗ್ಗೂಡಿಸಲೂ ಇಂಥ ಉನ್ನತ ಉದ್ದೇಶಕ್ಕೆ ಸಮನಾದುದಿಲ್ಲ ಎಂದೂ ನುಡಿದರು. ಇದು ಮಾಲೀಕರ ಮಾತು, ಆದ್ದರಿಂದ ತೂಗಿಯೇ ಸ್ವೀಕರಿಸಬೇಕು. ಆದರೂ ತನ್ನ ಕಣ್ಣಿಗೆ ಬಿದ್ದ ವ್ಯರ್ಥವನ್ನು ತಾನೇ ನಿಲ್ಲಿಸಿದವನಿಗೆ ಆ ದುಡಿಮೆ ಬರಿಯ ಕೂಲಿಯಾಗಿ ಉಳಿಯದೆ ಕಾಯಕದ ಸಮೀಪಕ್ಕೆ ಬರುತ್ತದೆಂಬುದು ಶರಣತತ್ತ್ವವನ್ನು ಬಲ್ಲವರಿಗೆ ಅಚ್ಚರಿಯಲ್ಲ.

ಹಸಿರು ನೀತಿಯೊಂದೇ ಸಾಲದೆಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿಯುಂಟು. ಬೆಂಗಳೂರಿನ ಇನ್ಫೋಸಿಸ್ 2020ರಲ್ಲಿ ತಾನು ಇಂಗಾಲ ತಟಸ್ಥವಾದುದಾಗಿ ಪ್ರಕಟಿಸಿತು. ಅದು ಸಣ್ಣ ಸಾಧನೆಯಲ್ಲ. ಆದರೆ 2022ರ ಜೂನ್‌ಗೆ ಕೊನೆಗೊಂಡ ಒಂದು ವರ್ಷದಲ್ಲಿ ಅಲ್ಲಿ ಕೆಲಸ ಬಿಟ್ಟವರ ಪ್ರಮಾಣ ಶೇಕಡಾ 28ನ್ನು ದಾಟಿತ್ತು. ಅದು ಸಾಂಕ್ರಾಮಿಕದ ನಂತರ ಇಡೀ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಕುಶಲಕರ್ಮಿಗಳಿಗೆ ವಿಪರೀತ ಬೇಡಿಕೆ ಉಂಟಾಗಿದ್ದ ಕಾಲ. ಹೆಚ್ಚು ಸಂಬಳ ಕರೆದಾಗ ಗೃಹಸ್ಥನು ಹೋಗುವುದು ಸಹಜ. ಆತನನ್ನು ಆಸೆಬುರುಕನೆಂದು ಹಳಿಯುವುದು ಸಲ್ಲದು. ಶರಣರು ನೌಕರನಿಗೆ ಸಂತೃಪ್ತಿಯನ್ನು ಬೋಧಿಸಿ ಒಡೆಯನಿಗೆ ಸಂಗ್ರಹವನ್ನು ಬಿಟ್ಟುಕೊಟ್ಟವರಲ್ಲ. ದಾಸೋಹದ ಹೊಣೆ ಮೊದಲು ಬೀಳುವುದು ಉಳ್ಳವನ ಮೇಲೆ.

ಮಠದ ಭಕ್ತರಲ್ಲಿ ಸಾಫ್ಟ್‌ವೇರ್ ತಜ್ಞರಿಗಿಂತ ಹೊಲ, ಅಂಗಡಿ, ಗಿರಣಿಗಳ ಜನ ಹೆಚ್ಚು. ಮಾರಯ್ಯನವರ ಸೀಮೆಗೆ ಬಹು ದೂರವಲ್ಲದ ಸಿಂಧನೂರು, ಕಾರಟಗಿ, ಗಂಗಾವತಿಗಳಲ್ಲಿ ಇಂದು ಸಾಲುಸಾಲು ಅಕ್ಕಿ ಗಿರಣಿಗಳಿವೆ. ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಹೊಟ್ಟು. ಅದನ್ನು ಬಾಯ್ಲರಿನಲ್ಲಿ ಉರಿಸಿದರೆ ಭತ್ತ ಬೇಯಿಸಲು, ಒಣಗಿಸಲು ಬೇರೆ ಸೌದೆ ಬೇಕಿಲ್ಲ. ಇದು ಸುಸ್ಥಿರತೆಯೇ ಸರಿ. ಆದರೆ ಉಳಿದ ಬೂದಿಯನ್ನು ಬಯಲಿಗೆ ಸುರಿದರೆ ಅದು ಗಾಳಿಗೆ ಹಾರಿ ನೆರೆಯ ಬೆಳೆಯ ಮೇಲೂ ಜನರ ಕಣ್ಣಿಗೂ ಬೀಳುತ್ತದೆ. ಒಳಗಿನ ಧೂಳನ್ನು ಮೂಗಿಗೆ ಟವೆಲ್ಲು ಸುತ್ತಿಕೊಂಡ ಹಮಾಲನು ದಿನವಿಡೀ ಉಸಿರಾಡುತ್ತಾನೆ. ಇಂಧನದಲ್ಲಿ ಉಳಿಸಿದ ಹಣದ ಒಂದಂಶವನ್ನು ಧೂಳು ಹಿಡಿಯುವ ಯಂತ್ರಕ್ಕೆ ವೆಚ್ಚ ಮಾಡದ ಗಿರಣಿಯಲ್ಲಿ ಬಲ್ಲ ಕೆಲಸಗಾರ ಎಷ್ಟು ಕಾಲ ನಿಂತಾನು? ಸುಗ್ಗಿಯ ನಡುವೆ ಯಂತ್ರ ಹೊಂದಿಸಬಲ್ಲವನು ಹೊರಟುಹೋದರೆ ನಷ್ಟ ಮರುದಿನವೇ ನುಚ್ಚಿನ ರಾಶಿಯಲ್ಲಿ ಕಾಣುತ್ತದೆ.

ಅಂಥ ಗಿರಣಿಯಲ್ಲಿ ಧೂಳಿನ ವಿಷಯವನ್ನು ಮೊದಲು ಎತ್ತಬೇಕಾದವನು ಹಮಾಲನೇ. ಎತ್ತಿದವನಿಗೆ ಮರುದಿನವೂ ಕೆಲಸವಿತ್ತೇ, ಮಾಲೀಕರು ಬಂದು ನೋಡಿದರೇ ಎಂಬುದನ್ನು ಬಾಗಿಲಲ್ಲಿ ಮೂಟೆ ಇಳಿಸುತ್ತಿರುವ ಉಳಿದವರೆಲ್ಲ ಗಮನಿಸುತ್ತಿರುತ್ತಾರೆ.